ನಿಮ್ಮ ಚರ್ಚಿನಲ್ಲಿ ಗೇ ಸದಸ್ಯರಿಗೆ ಪೂರ್ತಿ ಜಾಗ ಕೊಡಲು ಹೊರಟಿದ್ದೀರಾ?

ಮೊದಲೇ ಹೇಳಿಬಿಡುತ್ತೇನೆ, ‘ಗೇ ಸದಸ್ಯರಿಗೆ ಇಲ್ಲಿ ಸ್ವಾಗತ’ ಅನ್ನುವ ಹೇಳಿಕೆಗೆ ಸದಸ್ಯರ ಮತ ಹಾಕಿಸುವುದರಿಂದ ಶುರು ಮಾಡಬೇಡಿ. ಅದು ಕೊನೆಯ ಕೆಲಸ. ನಾನು ಕೋಲಾರದ ಮೆಥೋಡಿಸ್ಟ್ ಮನೆಯಲ್ಲಿ ಬೆಳೆದವಳು. ಈಗ ಅಮೆರಿಕದ ಓಹಾಯೋದಲ್ಲಿ ಯುನೈಟೆಡ್ ಮೆಥೋಡಿಸ್ಟ್ ಪಂಗಡದ ಚರ್ಚೊಂದರ ಸದಸ್ಯೆ. ನಮ್ಮ ಚರ್ಚು ಈ ದಾರಿ ಹಿಡಿದಾಗ ಸಮಿತಿಯಲ್ಲಿದ್ದೆ. ಅಲ್ಲಿ ಯಾವುದು ಕೆಲಸಕ್ಕೆ ಬಂತೋ ಅದನ್ನಷ್ಟೇ ಬರೆಯುತ್ತಿದ್ದೇನೆ.

ಈಗಿನ ನಿಯಮ ಏನು ಅಂತ ಮೊದಲ ಸಭೆಯಲ್ಲೇ ಓದಿ ಹೇಳಿ. ಜನ ಅರ್ಧ ಜಗಳ ಆಡುವುದು ಹಳೇ ನಿಯಮದ ಮೇಲೆ. ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಸಾಲು ನಮ್ಮ ಪಂಗಡದ ನಿಯಮ ಪುಸ್ತಕಕ್ಕೆ ಸೇರಿದ್ದು 1972ರಲ್ಲಿ. 2019ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ಪಂಗಡದ ವಿಶೇಷ ಸಮ್ಮೇಳನ ಗೇ ಪಾದ್ರಿಗಳ ಮತ್ತು ಸಲಿಂಗ ಮದುವೆಯ ಮೇಲಿದ್ದ ನಿಷೇಧವನ್ನು 438–384 ಮತಗಳಿಂದ ಇನ್ನಷ್ಟು ಬಿಗಿ ಮಾಡಿತು. 2024ರ ಮೇ ತಿಂಗಳಲ್ಲಿ ಶಾರ್ಲಟ್‌ನಲ್ಲಿ ಸೇರಿದ ಸಮ್ಮೇಳನದಲ್ಲಿ ಗೇ ಪಾದ್ರಿಗಳ ಮೇಲಿನ ನಿಷೇಧ 692–51ರಿಂದ ಬಿದ್ದುಹೋಯಿತು. ಮರುದಿನ 1972ರ ಸಾಲೂ ಹೋಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಸುಮಾರು 7,600 ಚರ್ಚುಗಳು ಪಂಗಡ ಬಿಟ್ಟು ಹೊರನಡೆದಿದ್ದವು. ಒಂದು ಮಾತನ್ನು ಮಾತ್ರ ಒತ್ತಿ ಹೇಳಿ: ಸಲಿಂಗ ಜೋಡಿಯ ಮದುವೆ ಮಾಡಿಸಲೇಬೇಕು ಅಂತ ಯಾವ ಪಾದ್ರಿಗೂ ಒತ್ತಾಯವಿಲ್ಲ, ಮಾಡಿಸಿದರೆ ಶಿಕ್ಷೆಯೂ ಇಲ್ಲ. ಇದನ್ನು ಕೇಳಿದ ಮೇಲೆ ಎಷ್ಟೋ ಜನರ ಮುಖ ಸಡಿಲವಾಯಿತು. (ಕೋಲಾರದಿಂದ ಚಿಕ್ಕಮ್ಮ ಫೋನ್ ಮಾಡಿ, ‘ನಮಗೂ ಈ ರೂಲ್ ಬರುತ್ತೇನೇ?’ ಅಂತ ಕೇಳಿದ್ದರು. ಬರೋದಿಲ್ಲ. ಭಾರತದ ಮೆಥೋಡಿಸ್ಟ್ ಚರ್ಚ್ 1981ರಿಂದಲೇ ಸ್ವತಂತ್ರ.)

ಆಮೇಲೆ ಮನೆಮನೆಗೆ ಹೋಗಿ. ಇದಕ್ಕೆ ಜಾಸ್ತಿ ಸಮಯ ಇಡಿ, ತಿಂಗಳುಗಟ್ಟಲೆ ಹಿಡಿದರೂ ಪರವಾಗಿಲ್ಲ. ಇಬ್ಬಿಬ್ಬರು ಹೋಗಿ. ಒಪ್ಪಿಸಲು ಹೋಗಬೇಡಿ, ಕೇಳಿಸಿಕೊಳ್ಳಲು ಹೋಗಿ. ನಮ್ಮದು ಒಂದೇ ಪ್ರಶ್ನೆ: ಇದು ನಿಮ್ಮ ಚರ್ಚು ಅಂತ ಯಾವಾಗ ಅನ್ನಿಸಿತು? ಬಲವಾಗಿ ವಿರೋಧಿಸುತ್ತಿದ್ದ ಹಿರಿಯರೊಬ್ಬರು ಹೆಂಡತಿ ತೀರಿಕೊಂಡ ಚಳಿಗಾಲದ ಬಗ್ಗೆಯೇ ಮಾತಾಡಿದರು. ಯಾರು ಊಟ ತಂದರು, ಯಾರು ಬಾಗಿಲ ಮುಂದಿನ ಹಿಮ ಎತ್ತಿದರು, ಎಲ್ಲ ನೆನಪಿತ್ತು. ಹಿಮ ಎತ್ತಿದವರು ನಮ್ಮ ಕಾಯರ್‌ನ ಇಬ್ಬರು ಹೆಂಗಸರು, ಒಟ್ಟಿಗೆ ಸಂಸಾರ ಮಾಡುತ್ತಿರುವವರು. ಅದನ್ನೂ ಆ ಹಿರಿಯರೇ ಹೇಳಿದರು. ಕೊನೆಗೆ, ‘ಆದರೂ ಮದುವೆ ನನಗೆ ಒಪ್ಪಿಗೆಯಿಲ್ಲ’ ಅಂದರು. ನಾವು ಎರಡನ್ನೂ ಬರೆದುಕೊಂಡು ಬಂದೆವು. ಅಲ್ಲೇ ವಾದಕ್ಕೆ ಇಳಿದಿದ್ದರೆ ಮುಂದಿನ ಸಭೆಗೆ ಅವರು ಬರುತ್ತಲೇ ಇರಲಿಲ್ಲ, ಅಲ್ವಾ?

ಗೇ ಸದಸ್ಯರನ್ನು ಮೈಕ್ ಮುಂದೆ ನಿಲ್ಲಿಸಿ, ‘ನಿಮ್ಮ ಕಥೆ ಹೇಳಿ’ ಅನ್ನಬೇಡಿ. ತಮ್ಮ ಬದುಕು ಸರಿಯೋ ತಪ್ಪೋ ಅಂತ ಚರ್ಚೆ ನಡೆಯುವಾಗ ಅಲ್ಲೇ ಕೂತು ಕಾಫಿ ಹಂಚಬೇಕಾದವರು ಅವರು. ತಾವಾಗಿ ಬಂದರೆ ಸರಿ. ನಮ್ಮಲ್ಲಿ ಒಬ್ಬ ತಾಯಿ ತಾವೇ ಎದ್ದು ಮಗನ ಬಗ್ಗೆ ಹೇಳಿದರು. ಅಷ್ಟು ಸಾಕಾಯಿತು.

ಸತ್ಯವೇದವನ್ನು ಪಕ್ಕಕ್ಕಿಡಬೇಡಿ. ಇಟ್ಟರೆ ‘ಇವರು ತಪ್ಪಿಸಿಕೊಳ್ಳುತ್ತಿದ್ದಾರೆ’ ಅನ್ನುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ವಿರೋಧಿಸುವವರು ಎತ್ತಿ ತೋರಿಸುವ ಯಾಜಕಕಾಂಡ 18, ರೋಮಾಪುರದವರಿಗೆ 1 ಓದಿ. ಪೇತ್ರ ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಗೆ ಹೋಗುವ ಅಪೊಸ್ತಲರ ಕೃತ್ಯಗಳು 10 ಓದಿ, ಅಂಥವರನ್ನು ಸೇರಿಸಿಕೊಳ್ಳುವ ಚರ್ಚೆ ನಡೆಯುವ 15 ಕೂಡ. ಪಾದ್ರಿ ಒಬ್ಬರೇ ಪಾಠ ಮಾಡುವುದು ಬೇಡ. ಒಪ್ಪದವರಿಗೂ ಒಂದು ಸಂಜೆ ಬಿಟ್ಟುಕೊಡಿ.

ಮತಕ್ಕೆ ಹಾಕುವ ಹೇಳಿಕೆ ಬರೆಯುವಾಗ ‘ಎಲ್ಲರಿಗೂ ಸ್ವಾಗತ’ ಎಂದಷ್ಟೇ ಬರೆದು ಮುಗಿಸುವ ಆಸೆ ಬರುತ್ತದೆ. ಆ ಬೋರ್ಡು ನಿಷೇಧ ಇದ್ದ ಕಾಲದಲ್ಲೂ ನಮ್ಮ ಬಾಗಿಲಲ್ಲಿ ತೂಗುತ್ತಿತ್ತು! ಗೇ, ಲೆಸ್ಬಿಯನ್, ಟ್ರಾನ್ಸ್ ಅಂತ ಹೆಸರು ಹಿಡಿದೇ ಬರೆಯಿರಿ. ಏನೇನು ಸಿಗುತ್ತದೆ ಅಂತಲೂ ಬರೆಯಿರಿ: ಸದಸ್ಯತ್ವ, ಅವರ ಮಕ್ಕಳಿಗೆ ದೀಕ್ಷಾಸ್ನಾನ, ಸಂಡೇ ಸ್ಕೂಲಿನಲ್ಲಿ ಕಲಿಸುವುದು, ಸಮಿತಿಯಲ್ಲಿ ಕೂರುವುದು. ಮದುವೆಯ ಬಗ್ಗೆ ನಿಮ್ಮ ಪಾದ್ರಿಯ ನಿಲುವು ಕೇಳಿ, ಅದನ್ನು ಇದ್ದ ಹಾಗೇ ಜನರಿಗೆ ತಿಳಿಸಿ.

ಇನ್ನು ಕೆಲವಕ್ಕೆ ಮತದಾನವೇ ಬೇಡ. ಸದಸ್ಯತ್ವದ ಫಾರಂನಲ್ಲಿ ‘ಗಂಡ’, ‘ಹೆಂಡತಿ’ ಅಂತ ಎರಡು ಗೆರೆ ಇತ್ತು. ಆಫೀಸಿನಲ್ಲಿ ಕೂತವರು ಸುಮ್ನೆ ‘ಸಂಗಾತಿ’ ಅಂತ ಬದಲಿಸಿದರು, ಯಾರೂ ಕೇಳಲಿಲ್ಲ. ಸದಸ್ಯರ ಫೋಟೋ ಪುಸ್ತಕದಲ್ಲಿ ಜೋಡಿಯನ್ನು ಜೋಡಿಯಾಗಿಯೇ ಹಾಕಿ. ವಿವಾಹ ವಾರ್ಷಿಕೋತ್ಸವದ ಹೆಸರು ಓದುವಾಗ ಅವರದ್ದೂ ಓದಿ.

ಮತದಾನಕ್ಕೆ ಗುಟ್ಟಿನ ಚೀಟಿ ಇರಲಿ. ಎಷ್ಟು ಮತ ಬಂದರೆ ಪಾಸು ಅನ್ನುವುದು ಮೊದಲೇ ತೀರ್ಮಾನವಾಗಲಿ. ನಾವು ಮುಕ್ಕಾಲು ಪಾಲು ಅಂತ ಇಟ್ಟುಕೊಂಡೆವು. ನೂರಕ್ಕೆ ಐವತ್ತೊಂದು ಮತದಿಂದ ಗೆದ್ದರೆ ಮರುದಿನ ಅದೇ ಬೆಂಚಿನಲ್ಲಿ ಕೂರುವುದು ಕಷ್ಟ. ಎಣಿಸುವಾಗ ಎರಡೂ ಕಡೆಯವರಿರಲಿ. ಫಲಿತಾಂಶ ಹೇಳಿದ ಮೇಲೆ ಚಪ್ಪಾಳೆ ಬೇಡ ಅಂತಲೂ ಮೊದಲೇ ಹೇಳಿಬಿಡಿ.

ಕೆಲವರು ಹೋಗುತ್ತಾರೆ. ಅವರ ಸದಸ್ಯತ್ವ ವರ್ಗಾವಣೆಯ ಪತ್ರವನ್ನು ತಡಮಾಡದೆ ಕಳಿಸಿ, ಕೊಂಕು ಬೇಡ. ಅವರ ಕಾಣಿಕೆಯೂ ಅವರ ಜೊತೆ ಹೋಗುತ್ತದೆ. ಹಾಗಾಗಿ ಬಜೆಟ್ಟನ್ನು ಮತದಾನಕ್ಕೆ ಮೊದಲೇ ಇಳಿಸಿ ಒಂದು ಲೆಕ್ಕ ಹಾಕಿಟ್ಟುಕೊಳ್ಳಿ. ಹೀಟಿಂಗ್ ಬಿಲ್ ಮಾತ್ರ ಎಷ್ಟೇ ಜನ ಹೋದರೂ ಅಷ್ಟೇ ಬರುತ್ತದೆ.