ಹ್ಯಾಂಡಲ್‌ಬಾರ್ ಚೀಲಕ್ಕೆ ಮೊದಲು ಒಂದು ರಟ್ಟಿನ ಪೆಟ್ಟಿಗೆ

ಸೈಕಲ್ಲಿನ ಹ್ಯಾಂಡಲ್‌ಬಾರಿಗೆ ಒಂದು ಚೀಲ ಬೇಕೆನಿಸಿದಾಗ ನಾನು ವಿಚಾರಿಸಿದ್ದು ಒಂದೇ ಸಂಗತಿಯನ್ನು: ಅದರಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ? ದೊಡ್ಡದನ್ನು ಕೊಂಡರೆ ಅರ್ಧ ಖಾಲಿ ಬಿಡಬಹುದು, ಚಿಕ್ಕದನ್ನು ಕೊಂಡು ಆಮೇಲೆ ಹಿಗ್ಗಿಸಲಾಗದು ಎಂಬ ಲೆಕ್ಕದಲ್ಲಿ, ಎರಡೂ ತುದಿಗಳನ್ನು ಸುರುಳಿ ಸುತ್ತಿ ಮುಚ್ಚುವ, ದಿಂಬಿನ ಆಕಾರದ 14 ಲೀಟರಿನ ಚೀಲವೊಂದನ್ನು ತಂದೆ. ಚೀಲದ ಗುಣಮಟ್ಟದಲ್ಲಿ ಯಾವ ಕೊರತೆಯೂ ಇರಲಿಲ್ಲ; ಅದು ನನ್ನ ಸೈಕಲ್ಲಿಗೆ ಹೊಂದುವುದಾಗಿರಲಿಲ್ಲ, ಅಷ್ಟೇ.

ನನ್ನದು ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್‌ಬಾರ್. ಮೂರನೆಯ ಸವಾರಿಯಲ್ಲಿ ಇಳಿಜಾರೊಂದನ್ನು ಮುಗಿಸಿ ಸಮತಟ್ಟಾದ ರಸ್ತೆಗೆ ಬಂದ ಮೇಲೂ ಸೈಕಲ್ ಯಾಕೋ ಭಾರವಾಗಿ ಓಡುತ್ತಿದೆ ಎನಿಸಿತು. ಇಳಿದು ನೋಡಿದರೆ ಹಿಂದಿನ ಬ್ರೇಕಿನ ಪ್ಯಾಡುಗಳು ಚಕ್ರಕ್ಕೆ ಸವರಿಕೊಂಡೇ ಇದ್ದವು. ಚೀಲದ ಬೆನ್ನು ಬ್ರೇಕ್ ಕೇಬಲ್ಲನ್ನು ಹೆಡ್ ಟ್ಯೂಬಿಗೆ, ಅಂದರೆ ಹ್ಯಾಂಡಲಿನ ಕೆಳಗೆ ಚೌಕಟ್ಟಿನ ಮುಂತುದಿಯಲ್ಲಿರುವ ಕೊಳವೆಗೆ, ಒತ್ತಿ ಹಿಡಿದಿತ್ತು. ಕೇಬಲ್ ಒಂದು ಕಡೆ ಹುಲ್ಲುಕಡ್ಡಿ ಮುರಿದಂತೆ ಮಡಚಿಕೊಂಡಿದ್ದರಿಂದ ಲಿವರ್ ಬಿಟ್ಟರೂ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಚೀಲದ ಎರಡು ಬದಿಗಳೂ ಲಿವರುಗಳ ತನಕ ಚಾಚಿದ್ದರಿಂದ ಕೆಳಗಿನ ಬಾಗನ್ನು ಹಿಡಿದಾಗ ಬೆರಳುಗಳಿಗೆ ಜಾಗವೂ ಸಾಲುತ್ತಿರಲಿಲ್ಲ. ಇನ್ನು ಒಳಗಿನಿಂದ ಪಂಕ್ಚರ್ ಸಾಮಾನು ತೆಗೆಯಬೇಕೆಂದರೆ ಪಟ್ಟಿ ಬಿಚ್ಚಿ, ಸುರುಳಿ ಬಿಚ್ಚಿ, ಮೇಲಿನ ಬಟ್ಟೆಯನ್ನೆಲ್ಲ ಹೊರಗಿಡಬೇಕು. ಇಂಥ ಚೀಲಗಳು ಅಗಲವಾದ ನೇರ ಹ್ಯಾಂಡಲಿಗೆ, ರಾತ್ರಿ ತಂಗುವಾಗ ಮಾತ್ರ ಬಿಚ್ಚುವ ಹಗುರವಾದ ಹಾಸಿಗೆ ಬಟ್ಟೆಗೆ ಹೇಳಿ ಮಾಡಿಸಿದವು. ನನಗೆ ಬೇಕಾಗಿದ್ದುದು ದಾರಿಯಲ್ಲಿ ಕೈಗೆ ಸಿಗುವ ಚೀಲ.

ಎರಡನೆಯ ಸಲ ಅಂಗಡಿಗೆ ಹೋಗುವ ಮೊದಲು ಅಳತೆಯ ಟೇಪು ಹಿಡಿದು ಸೈಕಲ್ಲಿನ ಮುಂದೆ ಕುಳಿತೆ. ಲಿವರುಗಳ ನಡುವಿನ ಒಳ ಅಂತರ 37 ಸೆಂ.ಮೀ. ಇತ್ತು. ಗೇರ್ ಬದಲಿಸುವಾಗ ನನ್ನ ಲಿವರುಗಳು ಒಳಮುಖವಾಗಿ ತಿರುಗುತ್ತವೆ, ಜೊತೆಗೆ ಬೆರಳಿನ ದಪ್ಪವೂ ಸೇರುತ್ತದೆ. ಹೀಗಾಗಿ ಎರಡೂ ಬದಿಗೆ ಐದೈದು ಸೆಂ.ಮೀ. ಕಳೆದು 27ಕ್ಕೆ ನಿಲ್ಲಿಸಿದೆ. ಹ್ಯಾಂಡಲಿನಿಂದ ಮುಂದಿನ ಟೈರಿನ ನೆತ್ತಿಗೆ ಸಾಕಷ್ಟು ಎತ್ತರವಿದ್ದುದರಿಂದ ಅದರ ಚಿಂತೆ ನನಗಿರಲಿಲ್ಲ. ಮುಂದೆ ಸಸ್ಪೆನ್ಷನ್ ಫೋರ್ಕ್ (ಮುಂಚಕ್ರವನ್ನು ಹಿಡಿಯುವ, ಸ್ಪ್ರಿಂಗಿನಂತೆ ಕುಗ್ಗುವ ಕವಲು) ಇರುವವರು ಮಾತ್ರ ಫೋರ್ಕ್ ಪೂರ್ತಿ ಕುಸಿದಾಗ ಉಳಿಯುವ ಅಂತರವನ್ನೇ ಹಿಡಿಯಬೇಕು; 100 ಮಿ.ಮೀ. ಕುಸಿಯುವ ಫೋರ್ಕಿನಲ್ಲಿ ಟೈರು ಅಷ್ಟೂ ಮೇಲಕ್ಕೆ ಬಂದು ಚೀಲದ ತಳವನ್ನು ಉಜ್ಜಬಹುದು.

ಅಗಲ, ಎತ್ತರ ತಿಳಿದವು. ತೂಕ ಎಷ್ಟಿರಬಹುದು ಎಂಬುದು ಟೇಪಿನಿಂದ ತಿಳಿಯುವ ವಿಷಯವಲ್ಲ. ಆದ್ದರಿಂದ ಆ ಅಳತೆಗೆ ಸರಿಯಾಗಿ ಒಂದು ರಟ್ಟಿನ ಪೆಟ್ಟಿಗೆ ಕತ್ತರಿಸಿ, ಮೂಲೆಗಳಿಗೆ ಅಂಟುಪಟ್ಟಿ ಸುತ್ತಿ, ಹಿಂಬದಿಗೆ ಮರದ ತುಂಡೊಂದನ್ನು ಸೇರಿಸಿ ಹ್ಯಾಂಡಲಿಗೆ ಬಿಗಿದೆ. ಒಳಗೆ ನೀರಿನ ಬಾಟಲಿಗಳನ್ನು ಇಟ್ಟೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ತಕ್ಕಡಿಯ ಅಗತ್ಯವೇ ಇಲ್ಲ. ವಾಹನಗಳಿಲ್ಲದ ರಸ್ತೆಯಲ್ಲಿ ಒಂದೊಂದೇ ಬಾಟಲಿ ಹೆಚ್ಚಿಸುತ್ತ ಓಡಿಸಿದೆ. ನೋಡಿದವರಿಗೆ ನಗು ಬಂದಿರಬಹುದು, ಆದರೆ ಆ ಅರ್ಧ ದಿನದಲ್ಲಿ ಕಲಿತಷ್ಟನ್ನು ಯಾವ ಕ್ಯಾಟಲಾಗಿನಿಂದಲೂ ಕಲಿತಿರಲಿಲ್ಲ.

ಎರಡು ಕಿಲೋ ಇದ್ದಾಗ ವ್ಯತ್ಯಾಸ ಗೊತ್ತಾಗಲಿಲ್ಲ. ಮೂರಾದಾಗ, ಏರಿನಲ್ಲಿ ನಿಧಾನವಾಗಿ ತುಳಿಯುವಾಗ, ಹ್ಯಾಂಡಲ್ ಸ್ವಲ್ಪ ತಿರುಗಿದರೆ ಸಾಕು, ಉಳಿದ ತಿರುವನ್ನು ತಾನೇ ಪೂರೈಸಲು ನೋಡುತ್ತಿತ್ತು. ನಾಲ್ಕಾದಾಗ ಅದನ್ನು ಎರಡೂ ಕೈಗಳಿಂದ ಎಳೆದು ನೇರ ಮಾಡಬೇಕಾಯಿತು. ಇದಕ್ಕೆ ಕಾರಣ ಫೋರ್ಕಿನ ವಾಲು. ಹೆಡ್ ಟ್ಯೂಬಿನ ಓರೆಯಲ್ಲೇ ಒಂದು ಗೆರೆಯನ್ನು ನೆಲದ ತನಕ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೈಲ್ ಎನ್ನುತ್ತಾರೆ. ಇಂದಿನ ಬಹುಪಾಲು ರಸ್ತೆ ಸೈಕಲ್ಲುಗಳಲ್ಲಿ ಇದು ಸುಮಾರು 55ರಿಂದ 60 ಮಿ.ಮೀ. ಇರುತ್ತದೆ, ಹೊರೆಯಿಲ್ಲದ ಸವಾರಿಗೆ ಅದು ಚೆನ್ನ. ಮುಂದೆ ಹೊರೆ ಹೊತ್ತಾಗ ಮಾತ್ರ ನಿಧಾನ ವೇಗದಲ್ಲಿ ಚಕ್ರ ಪಕ್ಕಕ್ಕೆ ಬೀಳುವ ಸ್ವಭಾವ ಹೆಚ್ಚುತ್ತದೆ. 1891ರಲ್ಲಿ ಮೊದಲು ನಡೆದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನಂಥ ಸುಮಾರು 1,200 ಕಿ.ಮೀ. ದೂರದ ಸವಾರಿಗಳಿಗೆ ಫ್ರೆಂಚರು ಕಟ್ಟುತ್ತಿದ್ದ ಸೈಕಲ್ಲುಗಳಲ್ಲಿ ಟ್ರೈಲ್ ಕಡಿಮೆ ಇಟ್ಟು, ಚೀಲವನ್ನು ಮುಂಚಕ್ರದ ಮೇಲಿನ ಸಣ್ಣ ರ‍್ಯಾಕಿನ ಮೇಲೆ ಕೂರಿಸುವ ಪದ್ಧತಿ ಬೆಳೆದಿದ್ದು ಸುಮ್ಮನೆ ಅಲ್ಲ.

ಪೆಟ್ಟಿಗೆಯಿಂದ ಇನ್ನೊಂದು ವಿಷಯವೂ ತಿಳಿಯಿತು. ಅದೇ ಮೂರು ಕಿಲೋವನ್ನು ಹ್ಯಾಂಡಲಿಗೆ ಹತ್ತಿರವಿಟ್ಟರೆ ಸೈಕಲ್ ಹೇಳಿದ ಮಾತು ಕೇಳುತ್ತದೆ. ಪೆಟ್ಟಿಗೆಯ ಮುಂದಿನ ಗೋಡೆಗೆ ಸರಿಸಿದರೆ ಹಟ ಮಾಡುತ್ತದೆ. ಅಂದರೆ ಅಗಲಕ್ಕಿಂತಲೂ ಮುಂದಕ್ಕೆ ಚಾಚುವ ಆಳವೇ ಮುಖ್ಯ. ಇದನ್ನು ತಿಳಿದ ಮೇಲೆ, ಹೆಚ್ಚು ಲೀಟರ್ ತೋರಿಸುವುದಕ್ಕಾಗಿ ಗರ್ಭಿಣಿಯಂತೆ ಮುಂದಕ್ಕೆ ಉಬ್ಬಿದ ಚೀಲಗಳನ್ನೆಲ್ಲ ಬಿಟ್ಟು, 25 ಸೆಂ.ಮೀ. ಅಗಲ, 21 ಎತ್ತರ, 13 ಆಳದ, ಸುಮಾರು ಏಳು ಲೀಟರಿನ ಚೌಕಾಕಾರದ ಚೀಲವನ್ನು ಆರಿಸಿದೆ.

ಕಟ್ಟುವ ಬಗೆಯ ವಿಚಾರದಲ್ಲಿ ನಾನು ಬಹಳ ದಿನ ತೂಗಿ ನೋಡಿದೆ. ವೆಲ್ಕ್ರೋ ಪಟ್ಟಿಗಳಿಂದ ಬಿಗಿಯುವ ಚೀಲ ಹಗುರ, ಯಾವ ಹ್ಯಾಂಡಲಿಗೂ ಆಗುತ್ತದೆ. ಆದರೆ ಜೋಲಾಡುವ ಭಾರವು ಹ್ಯಾಂಡಲ್ ತಿರುಗಿದ ಮೇಲೆ ಒಂದು ಗಳಿಗೆ ತಡವಾಗಿ ತಿರುಗುತ್ತದೆ, ಮೇಲಾಗಿ ಪಟ್ಟಿಯಡಿ ಸಿಕ್ಕಿದ ಧೂಳು ಉಪ್ಪುಕಾಗದದಂತೆ ಬಣ್ಣವನ್ನು ಕೆರೆಯುತ್ತದೆ. ಕ್ಲಿಕ್‌ಫಿಕ್ಸ್ ಬಗೆಯ ಗಟ್ಟಿ ಅಡಾಪ್ಟರ್, ಅಂದರೆ ಹ್ಯಾಂಡಲಿಗೆ ಬಿಗಿದು ಚೀಲವನ್ನು ಸಿಕ್ಕಿಸುವ ಹಿಡಿಕೆ, ಅದನ್ನು ಅಲುಗದಂತೆ ಹಿಡಿದು, ಕೇಬಲ್ಲುಗಳಿಗೆ ಹಿಂದೆ ಜಾಗ ಬಿಡುತ್ತದೆ. ಗುಂಡಿ ಒತ್ತಿದರೆ ಚೀಲ ಕೈಗೆ ಬರುತ್ತದೆ, ಸೈಕಲ್ ನಿಲ್ಲಿಸಿ ಹೋಗುವಾಗ ಬೆಲೆಬಾಳುವುದನ್ನೆಲ್ಲ ಹೆಗಲಿಗೆ ಹಾಕಿಕೊಂಡು ನಡೆಯಬಹುದು. ಅದು ಚೀಲವನ್ನು ಕೆಲವು ಸೆಂ.ಮೀ. ಮುಂದಕ್ಕೆ ತಳ್ಳುತ್ತದೆಂಬ ದೋಷವನ್ನು ಕಡಿಮೆ ಆಳದ ಚೀಲದಿಂದ ಸರಿದೂಗಿಸಿಕೊಂಡೆ. ಕೊಳ್ಳುವ ಮುನ್ನ ಹ್ಯಾಂಡಲಿನ ನಡುಭಾಗದ ವ್ಯಾಸವನ್ನು ಅಳೆಯಲೇಬೇಕು, ಏಕೆಂದರೆ ಹಳೆಯದರಲ್ಲಿ ಹೆಚ್ಚಾಗಿ 25.4 ಅಥವಾ 26 ಮಿ.ಮೀ., ಹೊಸದರಲ್ಲಿ ಸಾಮಾನ್ಯವಾಗಿ 31.8 ಮಿ.ಮೀ. ಇರುತ್ತದೆ. ಹ್ಯಾಂಡಲ್ ಕಾರ್ಬನ್ನಿನದಾದರೆ ಅಲ್ಲಿ ಕ್ಲ್ಯಾಂಪ್ ಬಿಗಿಯಲು ತಯಾರಕರ ಅನುಮತಿ ಇದೆಯೇ ಎಂದು ಓದಿಕೊಳ್ಳಬೇಕು.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಲಿಗೆಯ ಬದಲು ಶಾಖದಿಂದ ಬೆಸೆದ ಚೀಲದ ಜೋಡಣೆಗಳಿಂದ ಮಳೆ ಒಳಗಿಳಿಯುವುದಿಲ್ಲ. ಹೊಲಿದ ಚೀಲ ಎಂಥ ಬಟ್ಟೆಯದಾದರೂ ಸೂಜಿಯ ತೂತಿನಿಂದ ಒಂದಲ್ಲ ಒಂದು ದಿನ ನೆನೆಯಬಹುದು. ನಾನು ಒತ್ತಿ ಹೇಳಬಯಸುವುದು ಮುಚ್ಚಳದ ಬಗ್ಗೆ. ಅದು ಸವಾರನಿಂದ ಆಚೆಗೆ ತೆರೆಯುವಂತಿದ್ದರೆ ಒಳಗಿರುವುದು ನೇರ ಕಣ್ಣಿಗೆ ಬೀಳುತ್ತದೆ. ಸವಾರನ ಕಡೆಗೇ ತೆರೆದರೆ ಮುಚ್ಚಳವೇ ಕೈಗೆ ಅಡ್ಡ ಬರುತ್ತದೆ. ಒಳಗಿನ ಅಸ್ತರಿ ತಿಳಿ ಬಣ್ಣದ್ದಿದ್ದರೆ ಇನ್ನೂ ಒಳ್ಳೆಯದು. ಕಪ್ಪು ಅಸ್ತರಿಯ ಚೀಲದಲ್ಲಿ ಮುಸ್ಸಂಜೆಯಲ್ಲಿ ಕಪ್ಪು ಬಣ್ಣದ ಬೀಗದ ಕೈಯನ್ನು ತಡಕಾಡಿದವರಿಗೆ ಇದರ ಬೆಲೆ ಗೊತ್ತು.

ಚೀಲ ಬಂದ ಮೇಲೆ ಮರೆತಿದ್ದ ಒಂದು ಸಂಗತಿ ಎದುರಾಯಿತು: ದೀಪ. ಹ್ಯಾಂಡಲಿನ ಮೇಲಿದ್ದ ದೀಪದ ಬೆಳಕೆಲ್ಲ ಮುಚ್ಚಳದ ಮೇಲೆಯೇ ಬಿದ್ದು ನನ್ನ ಕಣ್ಣಿಗೇ ಹೊಡೆಯಿತು. ಅದನ್ನು ಫೋರ್ಕಿನ ನೆತ್ತಿಗೆ ಇಳಿಸಿದೆ. ಮೊದಲ 50 ಕಿ.ಮೀ. ಆದ ಮೇಲೆ ಅಡಾಪ್ಟರ್ ತುಸು ಕೆಳಕ್ಕೆ ಜಾರಿದ್ದನ್ನು ಕಂಡು, ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯೊಂದನ್ನು ಅಡಿಗೆ ಸುತ್ತಿ ಮತ್ತೆ ಬಿಗಿದೆ. ಆಮೇಲೆ ಅದು ಜಾರಿಲ್ಲ. ಈಗ ಅದರಲ್ಲಿ ಮಳೆ ಅಂಗಿ, ಫೋನು, ತಿಂಡಿ, ಕೈಗವಸು ಇರುತ್ತವೆ. ಉಪಕರಣ, ಬೀಗದಂಥ ಭಾರದ ವಸ್ತುಗಳು ಸೀಟಿನ ಕೆಳಗಿನ ಚೀಲಕ್ಕೆ ಹೋಗಿವೆ.

ರಟ್ಟಿನ ಪೆಟ್ಟಿಗೆಯನ್ನು ಎಸೆದಿರಲಿಲ್ಲ. ಚೀಲ ಕೊಳ್ಳಲು ಹೊರಟ ಗೆಳೆಯರೊಬ್ಬರು ಅದನ್ನು ಕೇಳಿ ಒಯ್ದರು. ಅವರ ಸೈಕಲ್ಲಿನ ಹ್ಯಾಂಡಲ್ ನನ್ನದಕ್ಕಿಂತ ಕಿರಿದು, ಒಂದು ಬದಿಯಿಂದ ನಾಲ್ಕು ಸೆಂ.ಮೀ. ಕತ್ತರಿಸಿ ಹಿಂದಿರುಗಿಸಿದ್ದಾರೆ.