ಮೂರು ಬ್ಯಾಚು, ಮೂರು ಚೆಂಡು: ಕೊರೊನಾ ಕಾಲದಲ್ಲಿ ನಾವು ಆಡಿದ ಫುಟ್‌ಬಾಲ್

ಮೊದಲ ಲಾಕ್‌ಡೌನ್ ಶುರುವಾದ ಕೆಲವು ವಾರಗಳಲ್ಲಿ ನಮ್ಮ ಠಾಣೆಯ ಸಿಬ್ಬಂದಿಯನ್ನು ಮೂರು ಬ್ಯಾಚ್ ಮಾಡಿದರು. ಒಂದು ಬ್ಯಾಚಿಗೆ ಸೋಂಕು ತಗುಲಿದರೂ ಉಳಿದ ಎರಡು ಬ್ಯಾಚು ಠಾಣೆ ನಡೆಸಬೇಕು ಎಂಬುದು ಲೆಕ್ಕ. ಆಗ ಬೆಂಗಳೂರಿನಲ್ಲಿ ಒಬ್ಬ ಸಿಬ್ಬಂದಿಗೆ ಪಾಸಿಟಿವ್ ಬಂದರೆ ಸಾಕು, ಠಾಣೆಯನ್ನೇ ಸೀಲ್‌ಡೌನ್ ಮಾಡಿ ಔಷಧಿ ಹೊಡೆಸುತ್ತಿದ್ದರು. ಹೊರಗೆ ಶಾಮಿಯಾನ ಹಾಕಿ ಅದರಡಿ ದೂರು ಬರೆದುಕೊಳ್ಳುತ್ತಿದ್ದೆವು. ಬ್ಯಾಚ್ ಮಾಡಿದ್ದು ಸರಿಯಾದ ಕೆಲಸವೇ. ಆದರೆ ಅದರಿಂದ ಒಂದೇ ಠಾಣೆಯವರು ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಠಾಣೆಯ ಕಾಗದಪತ್ರ ಬರೆಯುವ ರೈಟರ್ ಕೋಣೆಯಲ್ಲಿ ಸುತ್ತ ಕೂತು ಊಟ ಮಾಡುವುದು ನಿಂತಿತು. ನಮ್ಮಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದವರು, ನಾನೂ ಹಾವೇರಿ ಕಡೆಯವನು. ಊರಿಂದ ಯಾರಿಗಾದರೂ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂತೆಂದರೆ ಅದು ಇಡೀ ಠಾಣೆಯ ಬುತ್ತಿ. ಆ ಬುತ್ತಿ ಮೊದಲ ಸಲ ಒಬ್ಬೊಬ್ಬರ ಡಬ್ಬಿಯಲ್ಲೇ ಉಳಿಯಿತು.

ಜುಲೈನಲ್ಲಿ ನಮ್ಮ ಬ್ಯಾಚಿನ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಕೋವಿಡ್ ಕೇರ್ ಸೆಂಟರಿನಿಂದ ಗುಣವಾಗಿ ಬಂದರು. ಗೇಟಿನಲ್ಲಿ ಎಲ್ಲರೂ ಸಾಲಾಗಿ ನಿಂತು ಹೂ ಹಾಕಿ, ಚಪ್ಪಾಳೆ ತಟ್ಟಿ ಬರಮಾಡಿಕೊಂಡೆವು. ಮರುದಿನದಿಂದ ಅವರ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅವರ ಟೀ ಲೋಟವನ್ನು ಯಾರೋ ಕಿಟಕಿಯ ಮೇಲೆ ಬೇರೆ ಇಟ್ಟರು. ಇದರಲ್ಲಿ ಕೆಟ್ಟತನ ಇರಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ, ಹಾಲು ಕುಡಿಯುವ ಮಗು ಇದ್ದವರ ಹೆದರಿಕೆ ಅದು. ಆದರೂ ಅವರು ಒಂದು ರಾತ್ರಿ ನಾಕಾಬಂದಿಯಲ್ಲಿ ನನ್ನನ್ನು ಕೇಳಿದರು: "ಏನಪಾ, ನಾ ಗುಣ ಆಗಿ ಬಂದೀನೋ, ಜಾಮೀನಿನ ಮ್ಯಾಲೆ ಬಂದೀನೋ?" ಇಪ್ಪತ್ತು ವರ್ಷಕ್ಕೂ ಹೆಚ್ಚು ಸರ್ವಿಸ್ ಮಾಡಿದ ಮನುಷ್ಯ. ಆ ಮಾತು ಕೇಳಿದ ಮೇಲೆ ಏನಾದರೂ ಮಾಡಲೇಬೇಕು ಅನ್ನಿಸಿತು. ನನಗೆ ಮಾಡಲು ಬರುತ್ತಿದ್ದದ್ದು ಫುಟ್‌ಬಾಲ್.

ಹಾವೇರಿ ಕಡೆಯವನಿಗೆ ಕಬಡ್ಡಿ ಬರಬೇಕು, ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಕೇಳಬಹುದು. ಕಾನ್‌ಸ್ಟೇಬಲ್ ಆದ ಹೊಸತರಲ್ಲಿ ಹಲಸೂರಿನ ಕಡೆ ಬೀಟ್ ಮಾಡುತ್ತಿದ್ದೆ. ಅಲ್ಲಿ ಗೌತಮಪುರ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಗೆ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಬಡಾವಣೆ ಅದು. ಸಣ್ಣ ಗಲ್ಲಿಯಲ್ಲಿ ಬರಿಗಾಲಿನ ಹುಡುಗರು ಚೆಂಡನ್ನು ಗೋಡೆಗೆ ಹೊಡೆದು ತಮಗೆ ತಾವೇ ಪಾಸ್ ಕೊಟ್ಟುಕೊಂಡು ಮುಂದೆ ಹೋಗುವುದನ್ನು ನಾನು ಬೀಟ್ ಪುಸ್ತಕ ಕೈಯಲ್ಲಿ ಹಿಡಿದು ನೋಡುತ್ತಾ ನಿಲ್ಲುತ್ತಿದ್ದೆ. ರಜೆಯ ದಿನ ಅವರ ಜೊತೆಗೇ ಆಡಿ ಕಲಿತೆ.

2020ರ ಮೇ 16ರಂದು ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾ ಮತ್ತೆ ಶುರುವಾಗಿತ್ತು. ಪ್ರೇಕ್ಷಕರಿಲ್ಲದ ಕ್ರೀಡಾಂಗಣ, ಗೋಲು ಹೊಡೆದವರು ಮೊಣಕೈ ತಾಗಿಸಿ ಸಂಭ್ರಮಿಸುವುದು, ಇದನ್ನೆಲ್ಲ ಟಿವಿಯಲ್ಲಿ ನೋಡಿದ್ದೆವು. ಆದರೆ ಅವರಿಗೆ ವಾರವಾರ ಟೆಸ್ಟ್ ಮಾಡುವ ವ್ಯವಸ್ಥೆ ಇತ್ತು. ನಮಗೆ ಆ ಅನುಕೂಲ ಇಲ್ಲ. ಮೂರು ಬ್ಯಾಚುಗಳನ್ನು ಒಂದೇ ಮೈದಾನಕ್ಕೆ ಇಳಿಸಿದರೆ ಬ್ಯಾಚ್ ಮಾಡಿದ್ದೇ ದಂಡ. ಹಾಗಾಗಿ ಎದುರಾಳಿಗಳು ಒಬ್ಬರನ್ನೊಬ್ಬರು ಭೇಟಿಯಾಗದೆಯೇ ಪಂದ್ಯ ನಡೆಯಬೇಕಿತ್ತು. ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಹೋಗಿ ನಿಂತೆ.

"ಪಿಟಿ ಹೊತ್ತಿನಲ್ಲೇ ಮಾಡ್ತೀವಿ ಸಾರ್. ಒಂದು ಬ್ಯಾಚು ಇನ್ನೊಂದನ್ನ ನೋಡೋದೂ ಇಲ್ಲ."

"ಹಾಗಾದ್ರೆ ಮ್ಯಾಚ್ ಎಲ್ಲಿ ನಡೆಯುತ್ತೆ?"

"ರಿಜಿಸ್ಟರ್‌ನಲ್ಲಿ ಸಾರ್."

ಅವರು ಒಪ್ಪಿದರು. ಒಂದು ಷರತ್ತು ಹಾಕಿದರು: ಒಂದು ಫೋಟೊ ಕೂಡ ಹೊರಗೆ ಹೋಗಬಾರದು. ಜನರನ್ನು ಮನೆಯೊಳಗೆ ಕೂರಿಸಿ ನಾವು ಚೆಂಡಾಟ ಆಡುತ್ತಿದ್ದೇವೆ ಎಂದು ಯಾರಿಗೂ ಅನ್ನಿಸಬಾರದು. ಆ ಷರತ್ತು ನ್ಯಾಯವಾದದ್ದು. ನಾವು ಅದನ್ನು ಕೊನೆಯವರೆಗೂ ಪಾಲಿಸಿದೆವು.

ಪೊಲೀಸ್ ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದೆವು. ಟ್ರಾಫಿಕ್‌ನವರಿಂದ ಕೋನ್‌ಗಳನ್ನು ತಂದೆವು. ಮೂರು ಬ್ಯಾಚಿಗೆ ಮೂರು ಚೆಂಡು, ಒಂದರ ಚೆಂಡನ್ನು ಇನ್ನೊಂದು ಮುಟ್ಟುವಂತಿಲ್ಲ, ಆಟ ಮುಗಿದ ಮೇಲೆ ಸೋಪಿನ ನೀರಿನಲ್ಲಿ ಒರೆಸಿ ಬಿಸಿಲಿಗೆ ಇಡಬೇಕು. ಸ್ಪರ್ಧೆಯಲ್ಲಿ ಮೂರು ಭಾಗ. ಕೋನ್‌ಗಳ ನಡುವೆ ಚೆಂಡನ್ನು ಕಾಲಲ್ಲೇ ಹೊರಳಿಸಿಕೊಂಡು ಹೋಗಿ ಬರುವುದು, ಸ್ಟಾಪ್‌ವಾಚ್ ಲೆಕ್ಕ. ಒಂದು ನಿಮಿಷದಲ್ಲಿ ಗೋಡೆಗೆ ಎಷ್ಟು ಸಲ ಪಾಸ್ ಕೊಡಬಹುದು ಎಂಬುದು ಇನ್ನೊಂದು. ಇದು ಗೌತಮಪುರದ ಹುಡುಗರಿಂದ ಕಲಿತದ್ದು. ಮೂರನೆಯದು ಗೋಲಿಗೆ ಹೊಡೆತ: ಗೋಲು ಕಂಬಗಳ ನಡುವೆ ಹಗ್ಗ ಇಳಿಬಿಟ್ಟು ಮೂಲೆಗಳನ್ನು ಬೇರೆ ಮಾಡಿದ್ದೆವು, ಮೂಲೆಗೆ ಹೋದರೆ ಮೂರು ಅಂಕ, ನಡುವೆ ಹೋದರೆ ಒಂದು. ಸಾಲಿನಲ್ಲಿ ನಿಂತಾಗ ಮಾಸ್ಕ್ ಇರಲೇಬೇಕು, ಓಡುವಾಗ ತೆಗೆಯಬಹುದು. ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಆ ಜೂನ್‌ನಲ್ಲಿ ಹೇಳಿತ್ತು. ಉಗುಳಿದರೆ ಅಂಕ ಕಡಿತ. ಈ ಒಂದು ನಿಯಮಕ್ಕೆ ಬಂದಷ್ಟು ತಕರಾರು ಬೇರೆ ಯಾವುದಕ್ಕೂ ಬರಲಿಲ್ಲ!

ಅಂಕ ಲೆಕ್ಕ ಹಾಕುವ ರೀತಿಯನ್ನು ನಾನು ಬಹಳ ಯೋಚಿಸಿ ಮಾಡಿದ್ದೆ. ಬ್ಯಾಚಿನ ಒಳ್ಳೆಯ ಆಟಗಾರರ ಅಂಕವನ್ನಷ್ಟೇ ತೆಗೆದುಕೊಂಡರೆ ಉಳಿದವರು ಬದಿಯಲ್ಲಿ ನಿಂತು ಮೊಬೈಲ್ ನೋಡುತ್ತಾರೆ. ಅದಕ್ಕೆ ಪ್ರತಿಯೊಬ್ಬರ ಅಂಕವೂ ಸೇರಿ ಸರಾಸರಿ. ಐವತ್ತು ದಾಟಿದ ಎಎಸ್‌ಐ ಸಾಹೇಬರದ್ದೂ, ಹೋಮ್‌ಗಾರ್ಡ್ ಹುಡುಗನದ್ದೂ ಒಂದೇ ತೂಕ. ಆಗ ಚೆನ್ನಾಗಿ ಆಡುವವನೇ ಹೋಗಿ ಬಾರದವರಿಗೆ ಕಲಿಸತೊಡಗಿದ. ಇನ್ನೊಂದು ನಿಯಮ: ಐಸೊಲೇಷನ್‌ನಲ್ಲಿ ಇರುವವರಿಗೆ ಸೊನ್ನೆ ಇಲ್ಲ. ಅವರ ಹಿಂದಿನ ವಾರದ ಅಂಕವನ್ನೇ ಮುಂದುವರಿಸಬೇಕು. ಹಾಸಿಗೆಯಲ್ಲಿ ಮಲಗಿದ್ದರೂ ಅವರು ತಂಡದ ಸರಾಸರಿಯಲ್ಲಿ ಇರುತ್ತಾರೆ. "ನನ್ನ ಅಂಕ ಹಾಕಿದ್ರೇನ್ರೀ?" ಎಂದು ಕೋವಿಡ್ ಕೇರ್ ಸೆಂಟರಿನಿಂದ ಫೋನ್ ಮಾಡಿ ಕೇಳುತ್ತಿದ್ದವರಿದ್ದರು.

ಲೆಕ್ಕ ಬರೆಯುವ ಕೆಲಸವನ್ನು ಆ ಹೆಡ್ ಕಾನ್‌ಸ್ಟೇಬಲ್ ಅಣ್ಣನಿಗೆ ಕೊಟ್ಟೆ. ಅವರು ಇನ್ನೂ ಓಡುವ ಹಾಗಿರಲಿಲ್ಲ, ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ನಮ್ಮ ಬ್ಯಾಚಿನ ದಿನ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಉಳಿದ ಬ್ಯಾಚಿನವರು ವಿಡಿಯೊ ಕಳಿಸಿ, ಫೋನ್ ಮಾಡಿ ಅಂಕ ಬರೆಸಬೇಕು. ಕೋನ್ ತಾಗಿತೋ ಇಲ್ಲವೋ ಎಂಬ ಜಗಳವನ್ನೂ ಅವರೇ ತೀರ್ಮಾನಿಸಬೇಕು. ಎರಡು ವಾರ ಕಳೆಯುವುದರೊಳಗೆ ಠಾಣೆಯಲ್ಲಿ ಅತಿ ಹೆಚ್ಚು ಫೋನ್ ಬರುವುದು ಅವರಿಗೇ ಆಯಿತು. ಕಿಟಕಿಯ ಮೇಲಿದ್ದ ಲೋಟ ಯಾವಾಗ ಉಳಿದ ಲೋಟಗಳ ಜೊತೆ ಸೇರಿತೋ ನಾನು ಗಮನಿಸಲೇ ಇಲ್ಲ.

ಕಲಿಸುವುದರಲ್ಲಿ ನನಗಿಂತ ದೊಡ್ಡ ಕೈ ನಮ್ಮ ಎರಡನೇ ಬ್ಯಾಚಿನ ಮಹಿಳಾ ಕಾನ್‌ಸ್ಟೇಬಲ್ ಒಬ್ಬರದ್ದು. ಆಸ್ಟಿನ್ ಟೌನಿನ ನಂದನ್ ಮೈದಾನದಲ್ಲಿ ಅಣ್ಣಂದಿರ ಜೊತೆ ಆಡಿಕೊಂಡು ಬೆಳೆದವರು. ಪಾದದ ಒಳಬದಿಯಿಂದ ಚೆಂಡು ತಳ್ಳುವುದು ಹೇಗೆ ಎಂದು ಅವರು ವಿಡಿಯೊ ಮಾಡಿ ಮೂರೂ ಬ್ಯಾಚಿಗೆ ಕಳಿಸಿದರು. ಇನ್‌ಸ್ಪೆಕ್ಟರ್ ಸಾಹೇಬರು ಅದನ್ನು ನೋಡಿ ಅಭ್ಯಾಸ ಮಾಡಿಕೊಂಡು ಬಂದಿದ್ದರು. "ಸಾರ್, ಮಂಡಿ ಬಗ್ಗಿಸಿ" ಎಂದು ಕಾನ್‌ಸ್ಟೇಬಲ್ ಹೇಳುವುದು, ಸಾಹೇಬರು ಬಗ್ಗಿಸುವುದು ನಮ್ಮ ಇಲಾಖೆಯಲ್ಲಿ ದಿನಾ ನಡೆಯುವ ಸಂಗತಿಯಲ್ಲ. ಹುದ್ದೆಯ ಗೌರವ ಅದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ. ಹಾಜರಿಯಲ್ಲಿ ಅದೇ ಸೆಲ್ಯೂಟ್, ಅದೇ ಬೈಗುಳ.

2021ರ ಫೆಬ್ರವರಿಯಲ್ಲಿ ಮುಂಚೂಣಿ ಕಾರ್ಯಕರ್ತರಿಗೆ ಲಸಿಕೆ ಶುರುವಾಯಿತು. ಪ್ರಕರಣಗಳೂ ಇಳಿದಿದ್ದವು. ಆಗ ನಿಜವಾದ ಪಂದ್ಯಕ್ಕೆ ಇಳಿದೆವು. ನಮ್ಮ ಮೂರು ಬ್ಯಾಚು, ಪಕ್ಕದ ಟ್ರಾಫಿಕ್ ಠಾಣೆಯ ಒಂದು ತಂಡ, ಸಶಸ್ತ್ರ ಮೀಸಲು ಪಡೆಯ ಒಂದು ತಂಡ. ಏಳು ಜನರ ಆಟ, ಹದಿನೈದು ನಿಮಿಷದ ಎರಡು ಅವಧಿ. ಫುಟ್‌ಬಾಲ್ ನಿಯಮ ರೂಪಿಸುವ ಐಎಫ್‌ಎಬಿ ಸಂಸ್ಥೆ 2020ರ ಮೇನಲ್ಲಿ ಬದಲಿ ಆಟಗಾರರನ್ನು ಮೂರರಿಂದ ಐದಕ್ಕೆ ಏರಿಸಿತ್ತು. ನಾವು ಮಿತಿಯನ್ನೇ ತೆಗೆದುಹಾಕಿದೆವು. ರಾತ್ರಿ ಪಾಳಿ ಮುಗಿಸಿ ಬಂದವನನ್ನು ಐದು ನಿಮಿಷ ಆಡಿಸಿ ಕೂರಿಸಬೇಕಾಗುತ್ತದೆ. ಕೋವಿಡ್ ಬಂದು ಹೋದವರು ವೈದ್ಯರ ಚೀಟಿ ಇಲ್ಲದೆ ಮೈದಾನಕ್ಕೆ ಇಳಿಯುವಂತಿರಲಿಲ್ಲ. ಸೋಂಕು ಕೆಲವರಲ್ಲಿ ಹೃದಯದ ಸ್ನಾಯುವಿಗೆ ಊತ ತರುತ್ತದೆ, ಬೇಗ ಬಿರುಸಿನ ಆಟಕ್ಕೆ ಇಳಿಯುವುದು ಅಪಾಯ ಎಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಿದ್ದರು. ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಆಮೇಲೆ ಚೆಂಡು. ಇದರಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ನೀವು ಇಂಥದ್ದನ್ನು ನಡೆಸುವುದಾದರೆ ನೀವೂ ಬಗ್ಗಬೇಡಿ.

ನಮ್ಮ ಕಬಡ್ಡಿ ಹುಡುಗರ ಕಾಲು ಬಹಳ ಚುರುಕು, ಎದುರಿನವನ ಸೊಂಟ ಯಾವ ಕಡೆ ತಿರುಗುತ್ತದೆ ಎಂದು ಮೊದಲೇ ತಿಳಿಯುತ್ತಾರೆ. ತೊಂದರೆ ಕೈಯದ್ದು. ಪಕ್ಕದಿಂದ ಯಾರಾದರೂ ನುಗ್ಗಿದರೆ ಹಿಡಿಯಲು ಹೋಗುತ್ತದೆ. ಒಬ್ಬ ಹುಡುಗನಿಗೆ ಎರಡೂ ಕೈಯಲ್ಲಿ ಕರವಸ್ತ್ರ ಹಿಡಿದು ಆಡಲು ಹೇಳಿದೆವು. ಒಂದು ತಿಂಗಳಲ್ಲಿ ಅವನು ನಮ್ಮ ಅತ್ಯುತ್ತಮ ಡಿಫೆಂಡರ್ ಆದ.

ಪೊಲೀಸರಿಗೆ ಆಟದ ಹೊತ್ತು ಎಂದು ಒಂದು ಇರುವುದಿಲ್ಲ. ತುರ್ತು ಸಂಖ್ಯೆ 112ರಿಂದ ಕರೆ ಬಂದರೆ ನಮ್ಮ ಗಸ್ತು ವಾಹನ ಹೊಯ್ಸಳ ಹೊರಡಲೇಬೇಕು, ಅರ್ಧ ತಂಡ ಅದರಲ್ಲೇ ಹೋಗುತ್ತದೆ. ಅದಕ್ಕೆ ನಾವು ಮಾಡಿಕೊಂಡ ನಿಯಮ ಇದು: ಕರ್ತವ್ಯಕ್ಕಾಗಿ ನಿಂತ ಪಂದ್ಯ ರದ್ದಾಗುವುದಿಲ್ಲ. ಎಷ್ಟನೇ ನಿಮಿಷ, ಎಷ್ಟು ಗೋಲು, ಚೆಂಡು ಯಾರ ಕಡೆ, ಮೈದಾನದಲ್ಲಿ ಯಾರ್‍ಯಾರಿದ್ದರು ಎಂದು ರಿಜಿಸ್ಟರ್‌ನಲ್ಲಿ ಬರೆದು ಎರಡೂ ನಾಯಕರ ಸಹಿ. ಮುಂದಿನ ಸಲ ಅಲ್ಲಿಂದಲೇ ಶುರು. ಪಂಚನಾಮೆ ಬರೆದು ಪಳಗಿದವರಿಗೆ ಇದು ಕಷ್ಟದ ಕೆಲಸವಲ್ಲ.

ಏಪ್ರಿಲ್‌ನಲ್ಲಿ ಎಲ್ಲವೂ ನಿಂತಿತು. ಎರಡನೇ ಅಲೆ, ಏಪ್ರಿಲ್ 27ರಿಂದ ಮತ್ತೆ ರಾಜ್ಯವೆಲ್ಲ ಬಂದ್. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಪಂದ್ಯದ ವೇಳಾಪಟ್ಟಿಗೆಂದು ಮಾಡಿದ್ದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಸಿಗೆ, ಆಮ್ಲಜನಕ, ಔಷಧಿ ಹುಡುಕಿದೆವು. ಠಾಣೆ ಬೇರೆ, ಟ್ರಾಫಿಕ್ ಬೇರೆ, ಮೀಸಲು ಪಡೆ ಬೇರೆ ಎನ್ನುವುದು ಆ ಗುಂಪಿನಲ್ಲಿ ಇರಲಿಲ್ಲ. ನಡುರಾತ್ರಿ ಒಬ್ಬರು ಕೇಳಿದರೆ ಐದು ನಿಮಿಷದಲ್ಲಿ ಯಾರಾದರೂ ಹೊರಟಿರುತ್ತಿದ್ದರು. ಟ್ರಾಫಿಕ್ ತಂಡದ ಗೋಲ್‌ಕೀಪರ್ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಮಗಳಿಗೆ ಅನುಕಂಪದ ಆಧಾರದ ನೌಕರಿಗೆ ಅರ್ಜಿ ಹಾಕಬೇಕಿತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರ, ಸೇವಾ ಪುಸ್ತಕದ ನಕಲು, ಹೀಗೆ ಒಂದೊಂದು ಕಾಗದವನ್ನು ಒಬ್ಬೊಬ್ಬರು ವಹಿಸಿಕೊಂಡೆವು. ಮೀಸಲು ಪಡೆಯ ಹುಡುಗರು, ಅವರ ವಿರುದ್ಧ ಒಂದೇ ಒಂದು ಪಂದ್ಯ ಆಡಿದ್ದವರು, ಫೈಲಿನ ಹಿಂದೆ ಕಚೇರಿಗೆ ಎಷ್ಟೋ ಸಲ ಓಡಾಡಿದರು.

ದೇಶದ ಪೊಲೀಸ್ ಫುಟ್‌ಬಾಲ್ ಎಂದರೆ ಬೇರೆಯೇ ಎತ್ತರದ್ದು. ಬಿ.ಎನ್. ಮಲ್ಲಿಕ್ ಸ್ಮಾರಕ ಅಖಿಲ ಭಾರತ ಪೊಲೀಸ್ ಪಂದ್ಯಾವಳಿ ಇದೆ. 1990 ಮತ್ತು 1991ರಲ್ಲಿ ಕೇರಳ ಪೊಲೀಸ್ ತಂಡ ದೊಡ್ಡ ಕ್ಲಬ್‌ಗಳನ್ನು ಹಿಂದಿಕ್ಕಿ ಫೆಡರೇಷನ್ ಕಪ್ ಗೆದ್ದಿತ್ತು; ವಿ.ಪಿ. ಸತ್ಯನ್, ಐ.ಎಂ. ವಿಜಯನ್ ಆಡಿದ ತಂಡ ಅದು. 2020ರಲ್ಲಿ ರದ್ದಾಗಿದ್ದ ಡುರಾಂಡ್ ಕಪ್ ಫುಟ್‌ಬಾಲ್ ಪಂದ್ಯಾವಳಿ 2021ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮತ್ತೆ ನಡೆದಾಗ ಸಿಆರ್‌ಪಿಎಫ್ ತಂಡವೂ ಅದರಲ್ಲಿತ್ತು. ಖಾಕಿಯವರು ಮತ್ತೆ ಮೈದಾನಕ್ಕೆ ಇಳಿದ ಆ ಸುದ್ದಿ ನೋಡಿಯೇ ನಮ್ಮ ಹುಡುಗರು ಕೇಳಿದ್ದು, "ನಮ್ದು ಯಾವಾಗ ಅಣ್ಣಾ?"

ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿದೆವು. ಸೆಮಿಫೈನಲ್ ಇಟ್ಟದ್ದು 29ರ ಶುಕ್ರವಾರ ಸಂಜೆ. ಅಂದು ಮಧ್ಯಾಹ್ನ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂತು. ಎರಡೂ ತಂಡಗಳು ಬೂಟು ಬದಲಿಸಿ ಬಂದೋಬಸ್ತಿಗೆ ಹೋದವು. ಭಾನುವಾರ ಕಂಠೀರವ ಸ್ಟುಡಿಯೊದಲ್ಲಿ ಅಂತ್ಯಕ್ರಿಯೆ ಮುಗಿಯುವವರೆಗೂ ಮನೆ ನೋಡದವರಿದ್ದರು. ಸಂಜೆ ಒಬ್ಬರ ಮೇಲೊಬ್ಬರು ಬೀಳಬೇಕಿದ್ದವರು ಅದೇ ಬ್ಯಾರಿಕೇಡಿನ ಹಿಂದೆ ಭುಜಕ್ಕೆ ಭುಜ ಕೊಟ್ಟು ನಿಂತು, ಅಳುತ್ತಾ ನುಗ್ಗುತ್ತಿದ್ದ ಜನರನ್ನು ತಡೆದರು. ಒಂದೇ ಬಿಸ್ಕತ್ತಿನ ಪೊಟ್ಟಣ ಹಂಚಿಕೊಂಡರು. ಪಂದ್ಯ ಎರಡು ವಾರ ಬಿಟ್ಟು ನಡೆಯಿತು.

ಫೈನಲ್ ಡಿಸೆಂಬರ್ ಕೊನೆಯ ವಾರ, ನಮ್ಮ ಮೂರನೇ ಬ್ಯಾಚು ಮತ್ತು ಮೀಸಲು ಪಡೆ. ಎರಡನೇ ಅವಧಿಯ ನಾಲ್ಕನೇ ನಿಮಿಷದಲ್ಲಿ, 1–1 ಇದ್ದಾಗ, ಎಲ್ಲರನ್ನೂ ಬಂದೋಬಸ್ತಿಗೆ ಕರೆಸಿಕೊಂಡರು. 28ರಿಂದ ರಾತ್ರಿ ಕರ್ಫ್ಯೂ, ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ. ಎಲ್ಲ ತೆರವಾಗಿ ಉಳಿದ ಹನ್ನೊಂದು ನಿಮಿಷ ಆಡಲು ಕೂಡಿದ್ದು ಫೆಬ್ರವರಿಯಲ್ಲಿ. ಅಷ್ಟರಲ್ಲಿ ಇಬ್ಬರಿಗೆ ವರ್ಗವಾಗಿತ್ತು. ಅವರು ಆಡಬಹುದೇ ಎಂಬ ಪ್ರಶ್ನೆ ಎದ್ದಿತು. ಹೆಡ್ ಕಾನ್‌ಸ್ಟೇಬಲ್ ಅಣ್ಣ ರಿಜಿಸ್ಟರ್ ತೆರೆದು ಬೆರಳಿಟ್ಟು ತೋರಿಸಿದರು: "ಇಲ್ಲಿ ಇವರ ಹೆಸರು ಐತಿ. ಇಲ್ಲಿ ಸಹಿ ಐತಿ. ಆಡ್ತಾರ." ಒಬ್ಬರು ನೆಲಮಂಗಲದ ಕಡೆಯಿಂದ ಬೈಕಿನಲ್ಲಿ ಬಂದರು, ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಹಾಗೇ ಬಂದರು. ಚೆಂಡು ಥ್ರೋ‌-ಇನ್‌ನಿಂದ ಶುರುವಾಯಿತು, ಬರೆದಿಟ್ಟ ಹಾಗೆಯೇ. ಮೀಸಲು ಪಡೆ 2–1ರಿಂದ ಗೆದ್ದಿತು. ಅಂದು ಠಾಣೆಯ ಹಿಂದೆ ರೊಟ್ಟಿ, ಎಣ್ಣೆಗಾಯಿ ಊಟ, ಮೂರೂ ಬ್ಯಾಚಿನವರು ಒಟ್ಟಿಗೆ ಕೂತು. ಊಟ ಮುಗಿಯುವ ಮೊದಲೇ ಮುಂದಿನ ಪಂದ್ಯಾವಳಿಗೆ ಅಕ್ಕಪಕ್ಕದ ಠಾಣೆಗಳ ಮಹಿಳಾ ಸಿಬ್ಬಂದಿಯ ಎರಡು ತಂಡಗಳ ಹೆಸರು ರಿಜಿಸ್ಟರ್‌ನಲ್ಲಿ ಸೇರಿತ್ತು. ತರಬೇತಿ ಯಾರದ್ದೆಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ.