ಸಣ್ಣ ವಿಮಾನದ ಎಂಜಿನ್ ಆಯಿಲ್‌ನಿಂದ ತೇವಾಂಶ ತೆಗೆಯುವ ಕ್ರಮ

ಚಿತ್ರದುರ್ಗದ ಒಣಹವೆಯಲ್ಲಿ ನಿಲ್ಲಿಸಿದ ವಿಮಾನದ ಎಂಜಿನ್‌ಗೆ ನೀರಿನ ಭಯವಿಲ್ಲವೆಂದು ಭಾವಿಸಬಾರದು. ಇಂಧನ ಉರಿದಾಗಲೇ ನೀರಾವಿ ಹುಟ್ಟುತ್ತದೆ. ಅದರ ಒಂದಂಶ ಪಿಸ್ಟನ್ ರಿಂಗುಗಳನ್ನು ದಾಟಿ ಎಂಜಿನ್‌ನ ಒಳ ಕವಚವಾದ ಕ್ರ್ಯಾಂಕ್‌ಕೇಸಿಗೆ ಇಳಿದು, ತಣ್ಣಗಾದ ಮೇಲೆ ಆಯಿಲ್‌ನಲ್ಲಿ ಬೆರೆತು, ಆಮ್ಲಕ್ಕೂ ತುಕ್ಕಿಗೂ ಕಾರಣವಾಗುತ್ತದೆ.

ಇದನ್ನು ಹೊರಹಾಕಲು ಹಾರಾಟದಲ್ಲಿ ಆಯಿಲ್ ತಾಪಮಾನವನ್ನು ಸುಮಾರು 82 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಹಾಗೆಯೇ ಕಾಯ್ದುಕೊಳ್ಳಬೇಕು. ನೀರು ಕುದಿಯಲು 100 ಡಿಗ್ರಿ ಬೇಕಲ್ಲವೇ ಎಂಬ ಸಂದೇಹ ಸಹಜ. ಆದರೆ ಮಾಪಕವು ಸಾಮಾನ್ಯವಾಗಿ ತೋರಿಸುವುದು ಆಯಿಲ್ ತಣಿಸುವ ಕೂಲರ್ ದಾಟಿ ಎಂಜಿನ್‌ಗೆ ಮರಳುವ ಆಯಿಲ್‌ನ ಬಿಸಿಯನ್ನು. ಒಳಗೆ ಸುತ್ತುವಾಗ ಅದು ಇನ್ನೂ ಸಾಕಷ್ಟು ಬಿಸಿಯಾಗುತ್ತದೆ.

ನೆಲದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದು, ನನ್ನ ಅಭಿಪ್ರಾಯದಲ್ಲಿ, ಓಡಿಸದೆ ಬಿಡುವುದಕ್ಕಿಂತಲೂ ಕೆಟ್ಟದ್ದು: ಹೊಸ ನೀರು ಸೇರುತ್ತದೆ, ಅದನ್ನು ಆವಿಯಾಗಿಸುವಷ್ಟು ಬಿಸಿ ಸಿಗುವುದಿಲ್ಲ.

ಚಳ್ಳಕೆರೆಯ ಬೇಸಿಗೆಯಂಥ ಬಿಸಿಲಿನಲ್ಲಿ ಚಿಂತೆ ತಿರುಗುಮುರುಗಾಗುತ್ತದೆ. ಏರುವಾಗ ಆಯಿಲ್ ಅತಿಯಾಗಿ ಕಾದರೆ ಮೂತಿಯನ್ನು ತುಸು ತಗ್ಗಿಸಿ ವೇಗ ಹೆಚ್ಚಿಸಿದಾಗ ಕೂಲರ್‌ಗೆ ಹೆಚ್ಚು ಗಾಳಿ ದೊರೆಯುತ್ತದೆ. ಸಣ್ಣ ವಿಮಾನಗಳಿಗೆ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯ ಅನೇಕ ಎಂಜಿನ್‌ಗಳಲ್ಲಿ ಆಯಿಲ್ ತಾಪಮಾನದ ಗರಿಷ್ಠ ಮಿತಿ 118 ಡಿಗ್ರಿ. ಆದರೂ ನಿಮ್ಮ ವಿಮಾನದ ಕೈಪಿಡಿಯ ಮಾತೇ ಅಂತಿಮ. ಹಾರಾಟ ವಿರಳವಾಗಿದ್ದರೂ ನಾಲ್ಕು ತಿಂಗಳಿಗೊಮ್ಮೆ ಆಯಿಲ್ ಬದಲಾಯಿಸಬೇಕು.